ಹತ್ತೂವರೆ ಕಾರ್ಡಿನ ಎತ್ತರ

ಕನ್ನಡಕದಣ್ಣನ ತಾರಸಿ ಕೋಣೆಗೆ ಬೀಗ ಬಿದ್ದದ್ದು ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ. ಎಂಟೂ ಐದಕ್ಕೆ ಅವನು ಹಾಕಿದ ಕೂಗಿಗೆ ಎದುರು ಸಾಲಿನ ಮೂರು ಮನೆಗಳ ಕಿಟಕಿ ಗಾಜು ಬಿರುಕು ಬಿಟ್ಟವು. ನಾಲ್ಕನೆಯದು ಮೊದಲೇ ಒಡೆದಿತ್ತು. ಅದನ್ನೂ ಅವನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಅವನು ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನು. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಜನ ಅವನ ದೆಸೆಯಿಂದಲೇ ಲೋಕ ಕಾಣುತ್ತಿದ್ದರು. ಉಳಿದರ್ಧ ಜನ ಗೋಡೆಗೆ ಹಾಯುತ್ತಿದ್ದರು. "ಹೀಗೆ ಚೆನ್ನಾಗಿದೆಯೋ, ಹೀಗೋ?" ಎಂದು ದಿನಕ್ಕೆ ಇನ್ನೂರು ಸಲ ಕೇಳಿ ಕೇಳಿ, 'ಮಸುಕು' ಎಂಬ ಮಾತೇ ಅವನ ಕಿವಿಗೆ ಬೈಗುಳವಾಗಿಬಿಟ್ಟಿತ್ತು. ಸಂಜೆ ಅಂಗಡಿ ಬಿಟ್ಟರೆ ನೇರ ತಾರಸಿಗೆ. ಅಲ್ಲಿ ಆರಡಿ ಎಂಟಡಿಯ ಕೋಣೆ, ಒಂದು ಕೆಂಪು ದೀಪ, ಮೂರು ತಟ್ಟೆ ಫಿಲಂ ತೊಳೆಯುವ ರಾಸಾಯನಿಕ. ಹಳೆಯ ಫಿಲಂ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಅಲ್ಲಿ ಕತ್ತಲಲ್ಲಿ ತೊಳೆದು ನೇತುಹಾಕುತ್ತಿದ್ದ. ಅರಮನೆ ಕೊಡುತ್ತೇನೆಂದರೂ ಆ ಕೋಣೆಯನ್ನು ಬಿಟ್ಟುಕೊಡುವವನಲ್ಲ. ಯಾರೂ ಅರಮನೆ ಕೊಡಲು ಬಂದಿರಲಿಲ್ಲ, ಆ ಮಾತು ಬೇರೆ.

"ಬೀಗ ಯಾಕೆ ಹಾಕಿದ್ರಿ?"

"ಸಂಜೆ ಐದಕ್ಕೆ ನಗರಸಭೆ ಕಚೇರಿಯಿಂದ ಎಂಜಿನಿಯರ್ ಬರ್ತಾರೆ. ಅಲ್ಲೀವರೆಗೆ ಯಾರೂ ಒಳಗೆ ಕಾಲಿಡಬಾರದು" ಎಂದರು ಕಾರ್ಯದರ್ಶಿ. ಇಪ್ಪತ್ತನಾಲ್ಕು ಮನೆಗಳ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಮೆಟ್ಟಿಲ ಮೇಲೆ ಯಾರದಾದರೂ ಚಪ್ಪಲಿ ಎರಡಂಗುಲ ಓರೆಯಾಗಿದ್ದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. "ಈ ಕೋಣೆ ಕಟ್ಟಡದ ಜೊತೆ ಕಟ್ಟಿದ್ದಲ್ಲ. ಆಮೇಲೆ ನಿಮ್ಮ ಚಿಕ್ಕಪ್ಪ ಎಬ್ಬಿಸಿದ್ದು. ಒಡೆಸ್ತೀನಿ."

"ಕಟ್ಟಡ ಮುಗಿದ ದಿನವೇ ಇತ್ತು. ಚಿಕ್ಕಪ್ಪ ನೂರು ಸಲ ಹೇಳಿದಾರೆ."

"ಹೇಳೋಕೇನು, ಬಾಯಿಗೆ ಬಾಡಿಗೆಯೇ? ಸಾಕ್ಷಿ ತೋರಿಸಿ. ಮೊದಲಿಂದ ಇತ್ತು ಅಂತಾದ್ರೆ ಇಷ್ಟು ವರ್ಷ ಅನುಭವಿಸಿದೋರು ನೀವು, ನಿಮ್ಮದೇ ಅಂತ ಎಂಜಿನಿಯರ್ ಬರೆದುಕೊಡ್ತಾರೆ. ಇಲ್ಲಾಂದ್ರೆ ನಾಳೆ ಸುತ್ತಿಗೆ ಬರುತ್ತೆ."

ಸಾಕ್ಷಿ ಇತ್ತು. ತೀರಿಕೊಂಡ ಚಿಕ್ಕಪ್ಪನ ಬಿಸ್ಕತ್ತಿನ ಡಬ್ಬಿಯನ್ನು ನೆಲಕ್ಕೆ ಸುರಿದು, ಒಂಬತ್ತು ಸಾವಿರ ಫಿಲಂ ತುಂಡುಗಳನ್ನು (ಹೆಂಡತಿ ಎಣಿಸಿದಾಗ ತೊಂಬತ್ತಾದವು) ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಕನ್ನಡಕದಣ್ಣನಿಗೆ ಬೇಕಾದ್ದು ಸಿಕ್ಕಿತು. ಎದುರು ಕಟ್ಟಡದ ನೆತ್ತಿಯಿಂದ ತೆಗೆದದ್ದು. ಹೊಸ ಬಣ್ಣದ ತಮ್ಮ ಕಟ್ಟಡ, ಅದರ ತಾರಸಿ, ತಾರಸಿಯ ಮೂಲೆಯಲ್ಲಿ ಕಿರುಬೆರಳ ಉಗುರಿನಷ್ಟು ಕೋಣೆ. ಅಂಚಿನಲ್ಲಿ ಚಿಕ್ಕಪ್ಪನ ಕೈಬರಹದಲ್ಲಿ ತಾರೀಖೂ ಇತ್ತು.

ಆದರೆ ನೆಗೆಟಿವ್ ಎಂದರೆ ಕಪ್ಪು ಬೆಳ್ಳಗೆ, ಬೆಳ್ಳಗಿನದು ಕಪ್ಪು. ಅದನ್ನು ಎಂಜಿನಿಯರ ಕಣ್ಣಿಗೆ ಒಪ್ಪುವಂತೆ ದೊಡ್ಡದು ಮಾಡುವ ಯಂತ್ರ ಆ ಕೋಣೆಯೊಳಗೆ. ಕೋಣೆಗೆ ಬೀಗ. ಬೀಗದ ಕೈ ಕಾರ್ಯದರ್ಶಿಯ ಜೇಬಿನಲ್ಲಿ. "ಅರ್ಧ ಗಂಟೆ ತೆಗೆದುಕೊಡಿ" ಎಂದದ್ದಕ್ಕೆ ಕಾರ್ಯದರ್ಶಿ, "ಒಳಗೆ ಹೋಗಿ ಗೋಡೆಗೆ ಹಳೇ ಬಣ್ಣ ಬಳಿಯೋಕಾ?" ಎಂದರು. ಫಿಲಂ ತೊಳೆಯುತ್ತಿದ್ದ ಊರಿನ ಕಟ್ಟಕಡೆಯ ಸ್ಟುಡಿಯೊ ಈಗ ಫೋನಿನ ಕವರು ಮಾರುತ್ತಿತ್ತು.

"ಕಿಟಕಿಗೆ ಹಿಡಿದು ಫೋನಲ್ಲೇ ಒಂದು ಹೊಡೀರಿ" ಎಂದಳು ಹೆಂಡತಿ.

ಕನ್ನಡಕದಣ್ಣ ಅವಳನ್ನು ನೋಡಿದ ನೋಟ ಹೇಗಿತ್ತೆಂದರೆ, ಕೊಡಲಿಯಿಂದ ಕಣ್ಣಿಗೆ ಕಾಡಿಗೆ ಹಚ್ಚಿ ಎಂದು ಅವಳು ಹೇಳಿದ್ದಳೇನೋ ಎನ್ನಬೇಕು. "ಸ್ಕ್ಯಾನರ್ ತರ್ತೀನಿ" ಎಂದ. ಅಂಗಡಿಗೆ ರಜ ಹೇಳಿ, ಹೆಂಡತಿಯ ತಮ್ಮನನ್ನು ಎಬ್ಬಿಸಿ ಕರೆದುಕೊಂಡು ಹೊರಟ. ಈ ಭಾವಮೈದ ಕಂಪ್ಯೂಟರ್ ರಿಪೇರಿಯವನು. ಯಾವ ಯಂತ್ರ ಕಂಡರೂ ಮೊದಲು ಅದನ್ನು ಆರಿಸಿ ಮತ್ತೆ ಹೊತ್ತಿಸುವುದು ಅವನಿಗೆ ಗೊತ್ತಿದ್ದ ಏಕೈಕ ಮದ್ದು.

ಹಳೆ ಕಚೇರಿ ಸಾಮಾನಿನ ಅಂಗಡಿಯಲ್ಲಿ ಸ್ಕ್ಯಾನರುಗಳು ಗೋಪುರದಂತೆ ಪೇರಿಸಿದ್ದವು. ಅಂಗಡಿಯವನು ಹಾಳೆಯಷ್ಟು ತೆಳ್ಳಗಿನ ಒಂದನ್ನು ಎತ್ತಿ, "ಇದು ತಗೊಳ್ಳಿ ಸಾರ್. ಕೂದಲನ್ನ ಕೊಟ್ರೆ ಹಗ್ಗ ಮಾಡಿ ತೋರಿಸುತ್ತೆ" ಎಂದ.

ಕನ್ನಡಕದಣ್ಣ ಮುಚ್ಚಳ ಎತ್ತಿ ನೋಡಿದ. "ಮುಚ್ಚಳದಲ್ಲಿ ದೀಪ ಎಲ್ಲಿ?"

"ಮುಚ್ಚಳಕ್ಕೆ ಯಾಕೆ ಸಾರ್ ದೀಪ? ಕೆಳಗಡೆ ಇದೆಯಲ್ಲ."

"ಕಾಗದಕ್ಕೆ ಕೆಳಗಿನ ದೀಪ ಸಾಕು. ಫಿಲಮ್ಮಿಗೆ ಬೆಳಕು ಮೇಲಿಂದ ಬಂದು ತೂರಿ ಹೋಗಬೇಕು. ಇದರಲ್ಲಿ ನನ್ನ ಫಿಲಂ ಇಟ್ರೆ ಕಾಗೆ ಗರಿ ಕಾಣುತ್ತೆ, ಕಟ್ಟಡ ಕಾಣಲ್ಲ."

ಹತ್ತೊಂಬತ್ತು ಸ್ಕ್ಯಾನರುಗಳ ಮುಚ್ಚಳ ತೆರೆದು ಮುಚ್ಚಿ, ಅಂಗಡಿಯವನ ತಾಳ್ಮೆಯ ಮುಚ್ಚಳವನ್ನೂ ತೆರೆದ ಮೇಲೆ, ಗೋಪುರದ ತಳದಲ್ಲಿ ದೀಪದ ಮುಚ್ಚಳದ ಒಂದು ಯಂತ್ರ ಸಿಕ್ಕಿತು. ಅದನ್ನು ಎಳೆದದ್ದಕ್ಕೆ ಗೋಪುರ ಅಂಗಡಿಯವನ ಮೇಲೆ ಕುಳಿತಿತು. ಎಮ್ಮೆಕರುವಿನಷ್ಟು ತೂಕ. ಆದರೆ ಫಿಲಮ್ಮನ್ನು ಹಿಡಿದಿಡುವ ಚೌಕಟ್ಟು ಕಳೆದುಹೋಗಿತ್ತು.

"ಚೌಕಟ್ಟು ಇಲ್ಲದೆ ಏನು ಪ್ರಯೋಜನ ಭಾವ?" ಎಂದ ಭಾವಮೈದ.

"ಚೌಕಟ್ಟು ಮಾಡೋನಿಗೆ ಚೌಕಟ್ಟಿಲ್ಲ ಅಂತೀಯ. ಹಿಡಿ ಆ ಕಡೆ."

ಲಿಫ್ಟಿನಲ್ಲಿ ಸಾಮಾನು ಸಾಗಿಸಕೂಡದು ಎಂದು ಕಾರ್ಯದರ್ಶಿಯ ನಿಯಮ. ಮೂರನೆಯ ಮಹಡಿಗೆ ಅದನ್ನು ಮೆಟ್ಟಿಲಲ್ಲಿ ಹೊತ್ತು ತರುವಷ್ಟರಲ್ಲಿ ಭಾವಮೈದ ಎರಡಂಗುಲ ಕುಳ್ಳಗಾಗಿದ್ದ. ಹನ್ನೆರಡು ಗಂಟೆಗೆ ಊಟದ ಮೇಜಿನ ಮೇಲೆ ಯಂತ್ರ ಕುಳಿತಿತು, ಊಟ ನೆಲಕ್ಕೆ ಇಳಿಯಿತು. ಮೊದಲ ಸಲ ಫಿಲಮ್ಮನ್ನು ಗಾಜಿನ ಮೇಲೇ ಮಲಗಿಸಿ ಸ್ಕ್ಯಾನ್ ಮಾಡಿದರು. ಯಂತ್ರ ಮೂಲವ್ಯಾಧಿಯವನಂತೆ ನರಳುತ್ತಾ ಏಳು ನಿಮಿಷ ತೆಗೆದುಕೊಂಡಿತು. ಭಾವಮೈದನ ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ ಚಿತ್ರ ನೋಡಲು ಕಾರ್ಯದರ್ಶಿ ಕರೆಯದೆಯೇ ಬಂದರು. ಅವರ ಹಿಂದೆ ಮೇಲ್ಮನೆಯ ಹೊಲಿಗೆಯಕ್ಕ, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು.

"ಇದರಲ್ಲಿ ಕೋಣೆ ಎಲ್ಲಿದೆ? ಎಮ್ಮೆ ಮಲಗಿದ ಹಾಗಿದೆ" ಎಂದರು ಕಾರ್ಯದರ್ಶಿ.

"ಎಮ್ಮೆ ಸುತ್ತ ಕಾಮನಬಿಲ್ಲು ಬೇರೆ" ಎಂದಳು ಹೊಲಿಗೆಯಕ್ಕ, ಸೂಜಿ ತೆಗೆಯದೆ.

ನಿಜ. ಫಿಲಂ ಗಾಜಿಗೆ ಅಂಟಿ, ನೀರಿನ ಮೇಲಿನ ಎಣ್ಣೆಯಂತೆ ಬಣ್ಣದ ಬಳೆಗಳು ಮೂಡಿದ್ದವು.

"ಇನ್ನೊಂದು ವಿಷಯ. ನಮ್ಮ ಹೊರಮೆಟ್ಟಿಲು ಬಲಕ್ಕಿದೆ. ಇದರಲ್ಲಿ ಎಡಕ್ಕಿದೆ. ಬೇರೆ ಯಾರದೋ ಕಟ್ಟಡ ತಂದು ನಮ್ಮದು ಅಂತೀರಾ?" ಎಂದು ಕಾರ್ಯದರ್ಶಿ ಎದೆಯುಬ್ಬಿಸಿದರು.

ಭಾವಮೈದ ಫಿಲಮ್ಮನ್ನು ಮಗುಚಿ ಇಟ್ಟಿದ್ದ. ಕನ್ನಡಕದಣ್ಣ ಅದನ್ನು ಕೈಗೆತ್ತಿಕೊಂಡ. ಅಂಗಡಿಯಿಂದ ತಂದ ರಟ್ಟು ಕತ್ತರಿಸಿ, ಫಿಲಮ್ಮಿನ ಅಳತೆಗೆ ಕಿಂಡಿ ಕೊರೆದು, ಕೂದಲೆಳೆ ವ್ಯತ್ಯಾಸವಿಲ್ಲದ ಚೌಕಟ್ಟು ಮಾಡಿದ. ಇಂಥ ಯಂತ್ರದ ಕಣ್ಣು ಸಾಮಾನ್ಯವಾಗಿ ಗಾಜಿನ ಮೇಲೆ ನೆಟ್ಟಿರುವುದಿಲ್ಲ. ಗಾಜಿನಿಂದ ಒಂದಿಷ್ಟು ಮೇಲೆ, ಗಾಳಿಯಲ್ಲಿ ನೆಟ್ಟಿರುತ್ತದೆ. ಆ 'ಒಂದಿಷ್ಟು' ಎಷ್ಟು ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಅದನ್ನು ಹುಡುಕಲು ಕನ್ನಡಕದಣ್ಣ ತನ್ನ ಅಂಗಡಿಯ ವಿಳಾಸದ ಕಾರ್ಡುಗಳ ಕಟ್ಟು ಬಿಚ್ಚಿದ. ಚೌಕಟ್ಟಿನ ನಾಲ್ಕು ಮೂಲೆಗೂ ಆರಾರು ಕಾರ್ಡು ಇಟ್ಟು ಸ್ಕ್ಯಾನ್ ಮಾಡಿದ. ಆಮೇಲೆ ಎಂಟೆಂಟು.

"ಹೀಗೆ ಚೆನ್ನಾಗಿದೆಯೋ, ಹೀಗೋ?"

"ಎರಡೂ ಒಂದೇ" ಎಂದಳು ಹೆಂಡತಿ.

"ಸರಿಯಾಗಿ ನೋಡು."

"ನೋಡಿದೆ. ಮೊದಲಿನದು ಎಮ್ಮೆ, ಇದು ಎಮ್ಮೆಯ ತಂಗಿ."

ಹನ್ನೆರಡು ಕಾರ್ಡಿಗೆ ಮತ್ತೆ ಮಸುಕಾಯಿತು. ಹತ್ತಕ್ಕೆ ಕೋಣೆಯ ಗೋಡೆ ಗೋಡೆಯಂತಾಯಿತು. ಆದರೆ ಚಿತ್ರದ ತುಂಬ ಧೂಳು. ಭಾವಮೈದ ಸಹಾಯ ಮಾಡಲು ಹೋಗಿ ಫಿಲಮ್ಮಿನ ಮೇಲೆ ಬಾಯಿಂದ ಊದಿದ. ತಾರಸಿಯ ಮೇಲೆ ಒಂದು ಕೆರೆ ಮೂಡಿತು. ಹೊಲಿಗೆಯಕ್ಕ "ಕೊಡಿ ಇಲ್ಲಿ, ಗಂಡಸರ ಕೈಲಿ ಏನಾಗುತ್ತೆ" ಎಂದು ತನ್ನ ಉಣ್ಣೆ ಬಟ್ಟೆಯ ತುಂಡಿನಿಂದ ಒರೆಸಿದಳು. ಕೆರೆಯ ದಡದಲ್ಲಿ ಕಾಡು ಬೆಳೆಯಿತು.

"ಬೆಟ್ಟವೊಂದು ಬಾಕಿ" ಎಂದರು ಕಾರ್ಯದರ್ಶಿ. ಅವರು ಆಗಲೇ ಕುರ್ಚಿ ಎಳೆದುಕೊಂಡು ಕುಳಿತಿದ್ದರು.

ಇಷ್ಟಾದ ಮೇಲೆ ಬೇರೆಯವನಾಗಿದ್ದರೆ ಫಿಲಂ ಹರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಕನ್ನಡಕದಣ್ಣ ಬಚ್ಚಲಿಗೆ ಹೋದ. ಬಿಸಿನೀರು ಬಿಟ್ಟು ಹಬೆಗೆ ಗಾಳಿಯ ಧೂಳೆಲ್ಲ ಕೆಳಗೆ ಕೂರುವಂತೆ ಮಾಡಿ, ಫಿಲಮ್ಮನ್ನು ತಣ್ಣೀರಿನಲ್ಲಿ ತೊಳೆದು, ಒಂದೇ ಒಂದು ತೊಟ್ಟು ಸಾಬೂನು ಬೆರೆಸಿದ ನೀರಿನಲ್ಲಿ ಅದ್ದಿ, ಬಟ್ಟೆಯ ಕ್ಲಿಪ್ಪಿಗೆ ನೇತುಹಾಕಿ, ಅದು ಒಣಗುವವರೆಗೆ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಂದೂವರೆ ಗಂಟೆ ನಿಂತ. ಹೆಂಡತಿ ಕೈತೊಳೆಯಲು ಪಕ್ಕದ ಮನೆಗೆ ಹೋಗಿ ಬಂದಳು. ಭಾವಮೈದ ಬೇರೆ ತುರ್ತಿಗಾಗಿ ಎರಡು ಬೀದಿ ಆಚೆ ಓಡಿದ.

ನಾಲ್ಕು ಗಂಟೆಗೆ, ಹತ್ತು ಕಾರ್ಡಿನ ಮೇಲೆ ಫಿಲಂ ಸರಿಯಾದ ಮಗ್ಗುಲಲ್ಲಿ ಮಲಗಿತು. ಏಳು ನಿಮಿಷ ನರಳಿದ ಮೇಲೆ ಯಂತ್ರ ಹೆತ್ತಿತು. ಪರದೆಯಲ್ಲಿ ಕಟ್ಟಡ, ಬಲಕ್ಕೆ ಮೆಟ್ಟಿಲು, ತಾರಸಿ, ಮೂಲೆಯಲ್ಲಿ ನಾಲ್ಕು ಗೋಡೆ ಒಂದು ಬಾಗಿಲಿನ ಕೋಣೆ.

ಕಾರ್ಯದರ್ಶಿ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಆಮೇಲೆ, ಕಹಿ ಔಷಧಿ ಕುಡಿದವರ ಮುಖ ಮಾಡಿಕೊಂಡು ಜೇಬಿನಿಂದ ಪೆನ್ನು ತೆಗೆದರು.

"ನಾನು ಮೊಂಡ ಇರಬಹುದು, ಕುರುಡ ಅಲ್ಲ. ಕೋಣೆ ಇದೆ. ಕಾಗದ ಕೊಡಿ, ಒಪ್ಪಿಗೆ ಅಂತ ಬರೆದು ಸೈನು ಹಾಕ್ತೀನಿ. ಎಂಜಿನಿಯರ್ ಬಂದು ನೋಡಿಕೊಂಡು ಹೋಗಲಿ."

ಹೆಂಡತಿ ಕಾಗದಕ್ಕೆ ಓಡಿದಳು.

"ತಾಳು" ಎಂದ ಕನ್ನಡಕದಣ್ಣ.

"ಏನು ತಾಳೋದು?"

"ಗೋಡೆ ನೋಡು. ಅಲೆ ಅಲೆಯಾಗಿದೆ."

"ಇರಲಿ ಬಿಡ್ರೀ. ಅವರೇ ಒಪ್ಪಿದ್ದಾರಲ್ಲ."

"ಭಾವ, ಅವರು ಪೆನ್ನು ಬಿಚ್ಚಿದಾರೆ. ಹನ್ನೊಂದು ವರ್ಷದಲ್ಲಿ ಯಾರಿಗೂ ಬಿಚ್ಚಿಲ್ಲ" ಎಂದ ಭಾವಮೈದ ಕಿವಿಯಲ್ಲಿ.

"ನಾಳೆ ಇನ್ಯಾರೋ ಬಂದು ಅಲುಗಾಡಿದ ಗೋಡೆ, ಇದು ಕೋಣೆಯಲ್ಲ ಡೇರೆ ಅಂದ್ರೆ? ನನ್ನ ಕೈಯಿಂದ ಮಸುಕು ಹೊರಗೆ ಹೋಗಲ್ಲ. ಇಟ್ಟಿಗೆ ಎಣಿಸೋ ಹಾಗಿರಬೇಕು." ಅವನು ಹಿಡಿದ ಮೊಲಕ್ಕೆ ಮೂರೇ ಕಾಲು, ಹೆಚ್ಚು ಹೇಳಿದರೆ ಎರಡು ಎಂದಾನು ಎಂದು ಹೆಂಡತಿ ಸುಮ್ಮನಾದಳು. ಕಾರ್ಯದರ್ಶಿ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

ಅಲೆಗೆ ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ನೆತ್ತಿಯ ಮೇಲೆ ಹೊಲಿಗೆಯಕ್ಕನ ಇಬ್ಬರು ಕೆಲಸದವರು ಹೊಲಿಗೆ ಯಂತ್ರ ತುಳಿಯುತ್ತಿದ್ದರು. ಅದರ ನಡುಕ ಗೋಡೆಯಿಂದ ನೆಲಕ್ಕೆ, ನೆಲದಿಂದ ಮೇಜಿಗೆ ಇಳಿಯುತ್ತಿತ್ತು. ಅಷ್ಟೇ ಅಲ್ಲ, ಲಿಫ್ಟು ಹತ್ತಿಳಿದರೆ ನಡುಕ, ಯಾರಾದರೂ ಮೆಟ್ಟಿಲಿಳಿದರೆ ನಡುಕ, ಕೆಳಮನೆಯ ಅಜ್ಜ ಕೆಮ್ಮಿದರೂ ನಡುಕ.

"ಏಳೇ ನಿಮಿಷ" ಎಂದು ಕನ್ನಡಕದಣ್ಣ ಪ್ರತಿ ಮನೆಯ ಬಾಗಿಲು ತಟ್ಟಿದ. "ನಾಲ್ಕೂ ಐವತ್ತರಿಂದ ನಾಲ್ಕೂ ಐವತ್ತೇಳರವರೆಗೆ ಯಾರೂ ಅಲ್ಲಾಡಬೇಡಿ. ನಿಮ್ಮ ಕನ್ನಡಕ ಸಡಿಲ ಆದಾಗೆಲ್ಲ ತಿರುಪು ಬಿಗಿ ಮಾಡಿಕೊಟ್ಟಿದೀನಿ. ಇದೊಂದು ನೆನೆಸಿಕೊಳ್ಳಿ."

ಜನ ನೆನೆಸಿಕೊಂಡರು. ನಾಲ್ಕೂ ಐವತ್ತಕ್ಕೆ, ಹತ್ತೂವರೆ ಕಾರ್ಡಿನ ಮೇಲೆ (ಹನ್ನೊಂದನೆಯ ಕಾರ್ಡನ್ನು ಅವನು ಉಪ್ಪುಕಾಗದದಲ್ಲಿ ಉಜ್ಜಿ ಅರ್ಧ ದಪ್ಪಕ್ಕೆ ಇಳಿಸಿದ್ದ) ಫಿಲಂ ಮಲಗಿತು, ಮತ್ತು ಇಪ್ಪತ್ತನಾಲ್ಕು ಮನೆಗಳು ಉಸಿರು ಹಿಡಿದವು. ಹೊಲಿಗೆಯಕ್ಕನ ಕೆಲಸದವರ ಕಾಲು ಪೆಡಲಿನ ಮೇಲೆ ಗಾಳಿಯಲ್ಲಿ ನಿಂತವು. ಲಿಫ್ಟು ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತಿತು; ಒಳಗಿದ್ದ ಗಂಡಹೆಂಡಿರು ಮದುವೆಯಾದ ಮೇಲೆ ಮೊದಲ ಸಲ ಏಳು ನಿಮಿಷ ಜಗಳವಾಡಲಿಲ್ಲ. ಕೆಳಮನೆಯ ಅಜ್ಜ ಕೆಮ್ಮನ್ನು ನುಂಗಿ ನೇರಳೆ ಬಣ್ಣಕ್ಕೆ ತಿರುಗಿದ. ಗೋಡೆಯ ಮೇಲಿನ ಹಲ್ಲಿ ಕೂಡ ಲೊಚಗುಟ್ಟುವುದನ್ನು ಮುಂದಕ್ಕೆ ಹಾಕಿತು. ನಿಯಮವೆಂದರೆ ನಿಯಮ ಎನ್ನುವ ಕಾರ್ಯದರ್ಶಿ ಸ್ವತಃ ಮೆಟ್ಟಿಲ ಬುಡದಲ್ಲಿ ಕೈ ಅಡ್ಡ ಹಿಡಿದು ಕಾವಲು ನಿಂತಿದ್ದರು. ಹತ್ತು ನಿಮಿಷ ಮುಂಚೆಯೇ ಬಂದ ಎಂಜಿನಿಯರನ್ನು ಅವರು ಎರಡನೆಯ ಮೆಟ್ಟಿಲಲ್ಲೇ ತಡೆದರು. ಪಾಪ, ಆ ಮನುಷ್ಯ ಒಂದು ಕಾಲು ಮೇಲೆ ಎತ್ತಿಕೊಂಡೇ ಕೊಕ್ಕರೆಯಂತೆ ನಿಂತುಬಿಟ್ಟ.

ನಾಲ್ಕೂ ಐವತ್ತೇಳಕ್ಕೆ ಯಂತ್ರ ನರಳುವುದನ್ನು ನಿಲ್ಲಿಸಿತು. ಅಜ್ಜ ಕೆಮ್ಮಿದ. ಲೋಕ ಮತ್ತೆ ತಿರುಗಿತು.

ಎಂಜಿನಿಯರ್ ಮೇಲೆ ಬರುವಷ್ಟರಲ್ಲಿ ಮನೆ ತುಂಬ ಜನ. ಪರದೆ ಮೇಲೆ ಚಿತ್ರ ಅರಳಿತು. ಅಂಥ ಚಿತ್ರ ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಇಟ್ಟಿಗೆ ಎಣಿಸಬಹುದಿತ್ತು. ಇಟ್ಟಿಗೆಯ ಮೇಲೆ ನಡೆಯುತ್ತಿದ್ದ ಇರುವೆ ಗಂಡೋ ಹೆಣ್ಣೋ ಹೇಳಬಹುದಿತ್ತು. ಕನ್ನಡಕದಣ್ಣ ಕುರ್ಚಿಯ ಹಿಂದೆ ಕೈ ಕಟ್ಟಿ ನಿಂತಿದ್ದ. ಅವನ ಎದೆ ಕೋಣೆಗಿಂತ ಅಗಲವಾಗಿತ್ತು.

ಎಂಜಿನಿಯರ್ ದಪ್ಪ ಗಾಜಿನ ಕನ್ನಡಕ ಏರಿಸಿಕೊಂಡು ಬಗ್ಗಿದರು. ಆ ಕನ್ನಡಕವೂ ಕನ್ನಡಕದಣ್ಣನ ಕೈಯದೇ, ಹೋದ ವರ್ಷದ್ದು.

"ಕೋಣೆ ಮೊದಲಿಂದಲೂ ಇತ್ತು. ಅದರಲ್ಲಿ ಅನುಮಾನವೇ ಇಲ್ಲ" ಎಂದರು. ಹೆಂಡತಿ ಉಸಿರು ಬಿಟ್ಟಳು. "ಬಾಗಿಲಿನ ಮೇಲೆ ಇದೇನು, ಏನೋ ಬರೆದಿದೆ. ಸ್ವಲ್ಪ ದೊಡ್ಡದು ಮಾಡಪ್ಪ."

ಭಾವಮೈದ ದೊಡ್ಡದು ಮಾಡಿದ. ಎಂಜಿನಿಯರ್, ಕಣ್ಣಿನ ಪರೀಕ್ಷೆಯ ಹಲಗೆ ಓದುವವರಂತೆ, ಮೇಲಿನ ಸಾಲಿನಿಂದ ನಿಧಾನವಾಗಿ ಓದಿದರು.

"ನೀರಿನ ಪಂಪಿನ ಕೋಣೆ. ಎಲ್ಲ ಮನೆಗಳಿಗೂ ಸೇರಿದ್ದು. ಸ್ವಂತಕ್ಕೆ ಬಳಸಕೂಡದು."

ಮನೆಯಲ್ಲಿ ಸೂಜಿ ಬಿದ್ದರೆ ಕೇಳುವಂತಾಯಿತು. ಹೊಲಿಗೆಯಕ್ಕನ ಬಾಯಿಂದ ಎರಡು ಬಿದ್ದವು.

ಕಾರ್ಯದರ್ಶಿಯ ಮುಖದಲ್ಲಿ ಬೆಳಗಾಗತೊಡಗಿತು. ಅದು ಗಲ್ಲದಿಂದ ಶುರುವಾಗಿ ಹಣೆಗೆ ಏರಲು ಒಂದು ನಿಮಿಷ ಹಿಡಿಯಿತು. "ಒಡೆಸೋದು ಬೇಡ ಬಿಡಿ. ಸಂಘದ ಸ್ವತ್ತು ನಾವ್ಯಾಕೆ ಒಡೆಸೋಣ" ಎಂದರು.

"ಚಿಕ್ಕಪ್ಪ ಬಾಗಿಲಿಗೆ ಬಣ್ಣ ಬಳಿದಿದ್ದು ಇದಕ್ಕೇನಾ" ಎಂದು ಹೆಂಡತಿ ಗೋಡೆಗೆ ಹೇಳಿದಳು.

ಎಂಜಿನಿಯರ್ ಒಳ್ಳೆಯ ಮನುಷ್ಯ. ಕನ್ನಡಕದಣ್ಣನ ಮುಖ ನೋಡಿದರು. ಅದು ನೀರು ಬಿದ್ದ ಶಾಯಿಯಂತೆ ಹರಡಿಹೋಗಿತ್ತು. ಅವರ ಮನಸ್ಸು ಕರಗಿತು.

"ನೋಡಿ," ಎಂದು ಮೆಲ್ಲಗೆ ಹೇಳಿದರು. "ಹಳೇ ಫಿಲಂ. ಗೀರು ಬಿದ್ದು ಅಕ್ಷರದ ಹಾಗೆ ಕಾಣ್ತಾ ಇರಬಹುದು. ಚಿತ್ರ ಅಷ್ಟು ಸ್ಪಷ್ಟವಾಗಿಲ್ಲ ಅಂತ ನೀವೊಂದು ಮಾತು ಹೇಳಿದ್ರೆ ಸಾಕು, ಕೋಣೆ ಇತ್ತು ಅಂತಷ್ಟೇ ಬರೆದು ಮುಗಿಸ್ತೀನಿ. ಓದೋಕೆ ಆಗಲಿಲ್ಲ ಅಂತೀನಿ."

"ಹೇಳ್ರೀ" ಎಂದಳು ಹೆಂಡತಿ.

"ಹೇಳಿ ಭಾವ" ಎಂದ ಭಾವಮೈದ.

ಹೊಲಿಗೆಯಕ್ಕ ಕೂಡ, "ನಂಗಂತೂ ಏನೂ ಕಾಣ್ತಿಲ್ಲಪ್ಪ" ಎಂದಳು. ಅವಳು ಮೊನ್ನೆ ಮೊನ್ನೆ ಹೊಸ ಕನ್ನಡಕ ಮಾಡಿಸಿದವಳು, ಒಳ್ಳೆಯದಕ್ಕೇ ಹೇಳಿದಳು.

ಕನ್ನಡಕದಣ್ಣ ಪರದೆ ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಪರದೆ ನೋಡಿದ.

"ಅಥವಾ ಹೀಗೆ ಮಾಡೋಣ," ಎಂದರು ಎಂಜಿನಿಯರ್ ಇನ್ನೂ ಮೃದುವಾಗಿ. "ಚಿತ್ರದಲ್ಲಿ ಮಸುಕಿಲ್ಲ ಅಂತಲೇ ಇಟ್ಟುಕೊಳ್ಳಿ. ನನ್ನ ಕನ್ನಡಕವೇ ಸರಿಯಿಲ್ಲ ಅಂದುಬಿಡಿ. ನಾನೇನೂ ಬೇಜಾರು ಮಾಡಿಕೊಳ್ಳಲ್ಲ."

ಅಷ್ಟೇ ಸಾಕಾಯಿತು.

"ನಿಮ್ಮ ಕನ್ನಡಕಕ್ಕೇನಾಗಿದೆ?" ಎಂದ ಕನ್ನಡಕದಣ್ಣ. "ಎರಡು ದಿನ ಕೂತು ಉಜ್ಜಿದೀನಿ ಅದನ್ನ. ಅದರಲ್ಲಿ ತಪ್ಪು ಓದೋಕೆ ಸಾಧ್ಯವೇ ಇಲ್ಲ." ಅವನು ಮುಂದೆ ಬಾಗಿ ಪರದೆಯ ಮೇಲೆ ಬೆರಳಿಟ್ಟ. "ಮತ್ತೆ ಇದು ಗೀರು ಅಂತೀರಾ? ಆ ಅಕ್ಷರದ ಅಂಚು ನೋಡಿ ಸಾರ್. ಆ ಕೊಂಬಿನ ತುದಿ ನೋಡಿ. ಬ್ರಷ್ಷಿನ ಕೂದಲು ಎಣಿಸಬಹುದು. ಕೊನೇ ಸಾಲು ನೀವು ಪೂರ್ತಿ ಓದಲೇ ಇಲ್ಲ."

"ಇನ್ನೂ ಒಂದು ಸಾಲಿದೆಯೇ?"

"ಇದೆ. 'ತಪ್ಪಿದವರಿಂದ ಕೋಣೆಯನ್ನು ಕೂಡಲೇ ಬಿಡಿಸಲಾಗುವುದು.'" ಅವನು ಒಂದಕ್ಷರ ಬಿಡದೆ ಓದಿದ. "ಈಗ ಹೇಳಿ, ಸ್ಪಷ್ಟವಾಗಿದೆಯೋ ಇಲ್ಲವೋ?"

ಎಂಜಿನಿಯರ್ ನಿಟ್ಟುಸಿರು ಬಿಟ್ಟು ಕಾಗದ ಎಳೆದುಕೊಂಡರು. 'ಛಾಯಾಚಿತ್ರ ಅತ್ಯಂತ ಸ್ಪಷ್ಟವಾಗಿದೆ' ಎಂದು ಶುರುಮಾಡಿ, ಕೋಣೆಯನ್ನು ನಾಳೆಯೊಳಗೆ ಸಂಘಕ್ಕೆ ಬಿಟ್ಟುಕೊಡತಕ್ಕದ್ದು ಎಂದು ಮುಗಿಸಿ, ಓದಿ ರುಜು ಹಾಕುವಂತೆ ಮುಂದೆ ಸರಿಸಿದರು. ಕನ್ನಡಕದಣ್ಣ ಮೊದಲ ಸಾಲನ್ನು ಎರಡು ಸಲ ಓದಿದ. ಉಳಿದದ್ದನ್ನು ಓದದೆ, ಗುಂಡಗಿನ ಅಕ್ಷರಗಳಲ್ಲಿ, ಎಲ್ಲೂ ಮಸಿ ಹರಡದ ಹಾಗೆ ರುಜು ಹಾಕಿದ.